ಓರೆ ಅಕ್ಷರದ ವರ್ಷ

ನಿಪ್ಪಾಣಿಗೆ ಹೋಗುವ ಕೆಲಸ ಬಂದರೆ ನಾನು ಆದಷ್ಟು ತಪ್ಪಿಸಿಕೊಳ್ಳುತ್ತೇನೆ. ಹೋದ ತಿಂಗಳು ಆಗಲಿಲ್ಲ. ಪರೀಕ್ಷಾ ಕೆಲಸಕ್ಕೆಂದು ಅಥಣಿಯಿಂದ ಬಂದವಳು ಹಳೆಯ ವಖಾರಿಗಳ ಓಣಿಯಲ್ಲಿ ನಡೆದು ಹೋಗುತ್ತಿದ್ದೆ. ತಂಬಾಕು ಹಸನು ಮಾಡಿ ತುಂಬಿಡುವ ಗೋದಾಮಿಗೆ ನಮ್ಮ ಕಡೆ ವಖಾರಿ ಎನ್ನುತ್ತಾರೆ. ಈಗ ಅವುಗಳಲ್ಲಿ ಒಂದು ಮಂಗಲ ಕಾರ್ಯಾಲಯವಾಗಿದೆ, ಇನ್ನೊಂದರಲ್ಲಿ ಟೈಲ್ಸ್ ಅಂಗಡಿ. ಆದರೂ ಯಾವುದೋ ಮುಚ್ಚಿದ ಬಾಗಿಲ ಸಂದಿಯಿಂದ ಹಳೇ ಘಾಟು ಬಂದು ಮೂಗಿಗೆ ಬಡಿಯಿತು. ಎರಡು ಸಲ ಸೀನಿದೆ. ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಆಗಿದ್ದರೂ ಆ ಸಿಟ್ಟು ಒಂದಿಷ್ಟೂ ಕಡಿಮೆಯಾಗಿಲ್ಲ.

ಎರಡು ಸಾವಿರದ ಹನ್ನೊಂದರ ಸುಮಾರಿನ ಮಾತು. ಆಗ ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಈ ಅತಿಥಿ ಎಂಬ ಹೆಸರು ಇಟ್ಟವರು ಯಾರೋ, ಅವರ ಮನೆಗೆ ಹೋದ ಅತಿಥಿಗಳ ಗತಿ ಏನಾಗುತ್ತಿತ್ತೋ. ವರ್ಷಕ್ಕೆ ಎಂಟು ತಿಂಗಳು ಪಾಠ ಹೇಳಿಸಿಕೊಂಡು, ಏಪ್ರಿಲ್‌ನಲ್ಲಿ ಮನೆಗೆ ಕಳಿಸಿ, ಜುಲೈ ತಿಂಗಳಲ್ಲಿ ಮತ್ತೆ ಅರ್ಜಿ ಹಾಕಿ ಎನ್ನುತ್ತಿದ್ದರು. ಪಿಎಚ್‌ಡಿ ಆದರೆ ಕಾಯಂ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ನನ್ನ ಮಹಾಪ್ರಬಂಧವೂ ಮುಗಿದಿತ್ತು. ಆದರೆ ಹೊಸ ನಿಯಮ ಬಂದಿತ್ತು. ಪ್ರಬಂಧ ಸಲ್ಲಿಸುವ ಮೊದಲು ಮಾನ್ಯತೆ ಪಡೆದ ಸಂಶೋಧನ ಪತ್ರಿಕೆಯೊಂದರಲ್ಲಿ ಒಂದು ಲೇಖನ ಅಚ್ಚಾಗಿರಬೇಕು, ಇಲ್ಲವೇ ಅಚ್ಚುಮಾಡುತ್ತೇವೆಂಬ ಒಪ್ಪಿಗೆ ಪತ್ರ ಇರಬೇಕು. ನನ್ನ ನೋಂದಣಿಯ ಅವಧಿಯನ್ನು ಆಗಲೇ ಎರಡು ಸಲ ವಿಸ್ತರಿಸಿದ್ದರು. ಮೂರನೆಯ ಸಲ ಇಲ್ಲ. ಮಾರ್ಚ್ ಕೊನೆಯೊಳಗೆ ಒಪ್ಪಿಗೆ ಪತ್ರ ಕೈಗೆ ಬರದಿದ್ದರೆ ಐದು ವರ್ಷದ ಕೆಲಸ ಮಣ್ಣುಪಾಲು.

ನನ್ನ ವಿಷಯ ವಖಾರಿ ಹೆಣ್ಣುಮಕ್ಕಳ ಹಾಡು. ಐದು ವರ್ಷ ನಾನು ರಜೆ ಸಿಕ್ಕಾಗಲೆಲ್ಲ ನನ್ನೂರು ಸದಲಗಾದಿಂದ ನಿಪ್ಪಾಣಿಗೆ ಬಸ್ಸಿನಲ್ಲಿ ಬಂದು ಒಂದೇ ವಖಾರಿಯಲ್ಲಿ ಕೂತೆ. ಅಲ್ಲಿ ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂತು ತಂಬಾಕಿನ ಚೂರನ್ನು ಜರಡಿ ಹಿಡಿಯುತ್ತಿದ್ದರು. ಒಂದು ಸಾಲು ರಾಯಬಾಗ, ಚಿಕ್ಕೋಡಿ ಕಡೆಯಿಂದ ಮದುವೆಯಾಗಿ ಬಂದವರದು. ಅವರು ಜರಡಿಗೆ ಸಾಣಿಗಿ ಎನ್ನುತ್ತಿದ್ದರು. ಎದುರಿನ ಸಾಲು ನಿಪ್ಪಾಣಿಯವರದೇ, ಮನೆಯಲ್ಲಿ ಮರಾಠಿ. ಅವರು ಅದಕ್ಕೇ ಚಾಳಣ ಎನ್ನುತ್ತಿದ್ದರು. ಮೂಗು ಬಾಯಿಗೆ ಸೆರಗು ಬಿಗಿದು, ಅದರೊಳಗಿಂದಲೇ ಹಾಡುತ್ತಿದ್ದರು. ಹಾಡಿನ ರೀತಿ ಒಂದೇ. ಈ ಸಾಲು ಕನ್ನಡದಲ್ಲಿ ಕೇಳಬೇಕು, ಆ ಸಾಲು ಮರಾಠಿಯಲ್ಲಿ ಉತ್ತರ ಕೊಡಬೇಕು. ಉತ್ತರ ಕೊಡದೆ ಮುಂದಿನ ಪ್ರಶ್ನೆ ಇಲ್ಲ.

ಕನ್ನಡದ ಸಾಲಿಗೆ ಗಂಗವ್ವ ಮುಂದಾಳು. ಆಕೆ ದನಿ ಎತ್ತುತ್ತಿದ್ದಳು: "ಸಾಣಿಗಿ ಹಿಡದ ಕೈ ಸೋತಾವೇನ ತಂಗಿ?" ಎದುರಿನ ಸಾಲಿನಿಂದ ಸುಂದ್ರಾಬಾಯಿ, ಅರವತ್ತು ದಾಟಿದ ಒಣಕಲು ಹೆಂಗಸು, ಒಂದು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದಳು: "ಹಾತ ದಮಲೇ ತರೀ ಬಾಯೀ, ತೋಂಡ ದಮಲಂ ನಾಹೀ." ಕೈ ದಣಿದರೂ ಬಾಯಿ ದಣಿದಿಲ್ಲ ಎಂದು. ಗಂಗವ್ವ ಮತ್ತೆ: "ಮುಕಾದಮ ಬೈದರ ಏನಂತಿ ತಂಗಿ?" ಮುಕಾದಮ ಎಂದರೆ ಮೇಲ್ವಿಚಾರಕ, ಅಲ್ಲೇ ಬಾಗಿಲಲ್ಲಿ ನಿಂತಿರುತ್ತಿದ್ದ. ಸುಂದ್ರಾಬಾಯಿ ಅವನ ಮುಖ ನೋಡಿಕೊಂಡೇ: "ತ್ಯಾಚ್ಯಾ ಆಯೀಲಾಚ ವಿಚಾರತೇ, ಹೇ ಕುಣೀ ಶಿಕವಲಂ?" ಇದನ್ನೆಲ್ಲ ಯಾರು ಕಲಿಸಿದರೆಂದು ಅವನ ತಾಯಿಯನ್ನೇ ಕೇಳುತ್ತೇನೆ ಎಂದು. ಎರಡೂ ಸಾಲು ಬಿದ್ದು ಬಿದ್ದು ನಗುತ್ತಿತ್ತು. ಮುಕಾದಮನೂ ನಗುತ್ತಿದ್ದ, ಬೇರೆ ದಾರಿ ಇರಲಿಲ್ಲ.

ನನಗೆ ಆ ಹಾಡು ಹೊಸದೆನಿಸಲಿಲ್ಲ. ನಮ್ಮ ಮನೆಯಲ್ಲೂ ಹಾಗೆಯೇ. ಅಪ್ಪನ ಜೊತೆ ಕನ್ನಡ, ಅವ್ವನ ಜೊತೆ ಮರಾಠಿ, ಸಂಜೆಯ ಬುದ್ಧವಂದನೆ ಪಾಲಿಯಲ್ಲಿ. ಅಪ್ಪ ಕನ್ನಡದಲ್ಲಿ ಬೈದರೆ ಅವ್ವ ಮರಾಠಿಯಲ್ಲಿ ತಿರುಗಿಸಿ ಕೊಡುತ್ತಿದ್ದಳು. ಜಗಳ ಯಾವ ಭಾಷೆಯದು ಎಂದು ಯಾರೂ ಕೇಳಿರಲಿಲ್ಲ.

ಪತ್ರಿಕೆಯವರು ಕೇಳಿದರು. ಅದು ದಕ್ಷಿಣದ ಊರೊಂದರಿಂದ ಬರುವ ತ್ರೈಮಾಸಿಕ. ಹೆಸರು ಹೇಳುವುದಿಲ್ಲ, ಈಗ ಅದು ನಿಂತೂ ಹೋಗಿದೆ. ಲೇಖಕರಿಗೆ ಸೂಚನೆಗಳು ಎಂಬ ಎರಡು ಹಾಳೆ ಅಂಚೆಯಲ್ಲಿ ಬಂದವು. ಎಡಗಡೆ ಇಷ್ಟು ಅಂಚು, ಬಲಗಡೆ ಇಷ್ಟು. ಸಾಲುಗಳ ನಡುವೆ ಇಷ್ಟೇ ಜಾಗ. ಮೇಲೆ ಸಾರಲೇಖ, ಅದರ ಕೆಳಗೆ ಐದು ಕೀಲಿಪದ, ಆರಲ್ಲ. ಅಡಿಟಿಪ್ಪಣಿ ಬೇಡ, ಕೊನೆಟಿಪ್ಪಣಿ ಬೇಕು. ಉದ್ಧರಣೆ ನಾಲ್ಕು ಸಾಲು ಮೀರಿದರೆ ಒಳಕ್ಕೆ ಸರಿಸಿ, ಮೀರದಿದ್ದರೆ ಸರಿಸಬೇಡಿ. ಹನ್ನೆರಡು ಪುಟ ದಾಟಕೂಡದು. ಮುದ್ರಿತ ಪ್ರತಿ ಎರಡು, ಸಿಡಿ ಒಂದು. ಇದರ ನಡುವೆ ಎಲ್ಲೋ ಒಂಬತ್ತನೆಯದಾಗಿ: ಅನ್ಯಭಾಷೆಯ ಸಾಲುಗಳನ್ನು ಓರೆ ಅಕ್ಷರದಲ್ಲಿ ಕೊಟ್ಟು, ಕೆಳಗೆ ಕನ್ನಡ ಅನುವಾದ ಕೊಡಬೇಕು. ಹಾಡು ಸಂಗ್ರಹಿಸಲು ಐದು ವರ್ಷ ಹಿಡಿದಿತ್ತು. ಅದನ್ನು ಆ ಎರಡು ಹಾಳೆಯ ಅಳತೆಗೆ ತರಲು ಜನವರಿ, ಫೆಬ್ರುವರಿ ಎರಡು ತಿಂಗಳು ಹೋದವು. ವಿಷಯ ಏನು, ವಾದ ಏನು ಎಂದು ಆ ಹಾಳೆಗಳಲ್ಲಿ ಒಂದು ಮಾತೂ ಇರಲಿಲ್ಲ.

ಟೈಪು ಮಾಡಿಕೊಟ್ಟವನು ದಿಲೀಪ ದಾದಾ. ನಿಪ್ಪಾಣಿಯಲ್ಲಿ ಡಿಟಿಪಿ ಅಂಗಡಿ, ಮುಖ್ಯ ಕೆಲಸ ಲಗ್ನಪತ್ರಿಕೆ. ಚಿಕ್ಕೋಡಿಯಲ್ಲೂ ಅಂಗಡಿಗಳಿದ್ದವು. ಆದರೆ ಕೂತಲ್ಲೇ ಕನ್ನಡವನ್ನೂ ಮರಾಠಿಯನ್ನೂ ತಪ್ಪಿಲ್ಲದೆ ಹೊಡೆಯುವವನು ಅವನೊಬ್ಬನೇ. ಕಬ್ಬಿನ ಹಂಗಾಮು ಬೇರೆ. ಚಿಕ್ಕೋಡಿಯಿಂದ ಹೊರಟ ಬಸ್ಸು ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ ತೆವಳಿ ತೆವಳಿ ಬರುತ್ತಿತ್ತು. ನಾನು ಕಾಲೇಜು ಮುಗಿಸಿ ಅಂಗಡಿ ಮುಟ್ಟುವ ಹೊತ್ತಿಗೆ ಕರೆಂಟು ಹೋಗಿರುತ್ತಿತ್ತು. ಮದುವೆ ಮನೆಯವರು ಬಂದರೆ ನನ್ನ ಲೇಖನವನ್ನು ಬದಿಗಿಟ್ಟು ಅವರ ಕಾರ್ಡು ತೆಗೆಯುತ್ತಿದ್ದ. "ಲಗ್ನದ ತಾರೀಕ ಕಾಯೂದಿಲ್ರಿ ಮೇಡಂ," ಎನ್ನುತ್ತಿದ್ದ. ನನ್ನ ತಾರೀಕು ಕಾಯುತ್ತದೆ ಎಂದು ಅವನಿಗೆ ಯಾರು ಹೇಳಿದ್ದರೋ.

ಮಾರ್ಚ್ ಮೊದಲ ವಾರದ ಒಂದು ಮಧ್ಯಾಹ್ನ ಲೇಖನ ಮುಗಿಯಿತು. ಐದು ಗಂಟೆಗೆ ಕೊರಿಯರ್ ಅಂಗಡಿ ಬಾಗಿಲು ಹಾಕುತ್ತದೆ. ಮುದ್ರಿತ ಪ್ರತಿ ಕೈಗೆ ತೆಗೆದುಕೊಂಡು ಹಾಡಿನ ಸಾಲುಗಳಿರುವ ಪುಟಗಳನ್ನು ತಿರುವಿದೆ. ನೋಡಿದರೆ ಮರಾಠಿ ಸಾಲುಗಳೆಲ್ಲ ನೆಟ್ಟಗೆ ನಿಂತಿವೆ, ಕನ್ನಡದ ಸಾಲುಗಳೆಲ್ಲ ಓರೆ ಮಲಗಿವೆ!

"ದಾದಾ, ಏನ್ರಿ ಇದು? ಉಲ್ಟಾ ಮಾಡೀರಲ್ಲ!"

"ಎಲ್ಲಿ ಉಲ್ಟಾ ಆಗೇತ್ರಿ? ನೀವ ಹೇಳೀರಲ್ಲ, ಬ್ಯಾರೇ ಭಾಷಾದ್ದು ತಿರಪಾ ಮಾಡ್ರಿ ಅಂತ."

"ಬ್ಯಾರೇ ಭಾಷಾ ಅಂದ್ರ ಮರಾಠಿರಿ!"

ದಿಲೀಪ ದಾದಾ ಕನ್ನಡಕ ತೆಗೆದು ನನ್ನನ್ನು ನೋಡಿದ. ನಿಜವಾಗಿಯೂ ತಿಳಿಯದೆ ಕೇಳಿದ. "ಯಾರಿಗ್ರಿ?"

ಅವನ ಮನೆಮಾತು ಮರಾಠಿ. ಅವನ ಪಾಲಿಗೆ ಬೇರೆ ಭಾಷೆ ಎಂದರೆ ಕನ್ನಡ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದ. ನನಗೆ ಎಲ್ಲಿಲ್ಲದ ಸಿಟ್ಟು. ಓದು ಬರಹ ಬಂದವನಿಗೆ ಇಷ್ಟೂ ತಿಳಿಯಬಾರದೇ, ಇದು ಕನ್ನಡ ಪತ್ರಿಕೆ ಎಂದು ಗೊತ್ತಾಗಬಾರದೇ ಎಂದು ಅಂಗಡಿಯಲ್ಲಿ ಕಾರ್ಡು ಮಾಡಿಸಲು ಬಂದವರ ಮುಂದೆಯೇ ಕೂಗಾಡಿದೆ. ಅವನು ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಮೇಡಂ, ನಾ ಇಪ್ಪತ್ತ ವರ್ಷ ಆತು ಲಗ್ನಪತ್ರಿಕಾ ಮಾಡಾಕತ್ತ. ಒಂದ ಬಾಜೂ ಕನ್ನಡ, ಒಂದ ಬಾಜೂ ಮರಾಠಿ. ಎರಡೂ ಸೀದಾನ ಇರ್ತಾವ. ಒಬ್ಬರದು ತಿರಪಾ ಮಾಡಿದ್ನೆಂದ್ರ ಬೀಗರು ಮಾಂಡವದಾಗ ಬಡದಾಡ್ತಾರ್ರಿ."

ಕಾರ್ಡಿನವರು ನಕ್ಕರು. ನನಗೂ ನಗು ಬಂತು. ನಗು ಬಂದ ಮೇಲೆ ಧೈರ್ಯ ಬಂತು. ಇವನು ಹೇಳುವುದರಲ್ಲಿ ಏನು ತಪ್ಪಿದೆ? ಎದುರುಬದುರು ಕೂತು ಹಾಡುವ ಎರಡು ಸಾಲಿನಲ್ಲಿ ಒಂದನ್ನು ಅನ್ಯ ಎನ್ನಲು ನಾನು ಯಾರು? "ಎರಡನ್ನೂ ಸೀದಾ ಮಾಡ್ರಿ ದಾದಾ," ಅಂದೆ. ಆ ಎರಡು ತಿಂಗಳಲ್ಲಿ ನಾನು ನನ್ನ ಸ್ವಂತ ಬುದ್ಧಿಯಿಂದ ಆಡಿದ ಮಾತು ಅದೊಂದೇ. ಅವನು ಸರಸರ ತಿದ್ದಿದ, ಮತ್ತೆ ಮುದ್ರಿಸಿದ. ಗಂಟೆ ನಾಲ್ಕೂ ಮುಕ್ಕಾಲು. ಮೊದಲ ನಾಲ್ಕು ಪುಟ ನೋಡಿ, ಉಳಿದವೂ ಸರಿ ಇರುತ್ತವೆಂದು ಲಕೋಟೆಗೆ ಹಾಕಿ ಓಡಿದೆ. ಏಳನೆಯ ಪುಟವನ್ನು ದಿಲೀಪ ದಾದಾ ತಿದ್ದಿರಲಿಲ್ಲ, ನಾನು ನೋಡಿರಲಿಲ್ಲ. ಇಡೀ ಹಾಡು ಇದ್ದದ್ದು ಆ ಪುಟದಲ್ಲೇ.

ಹತ್ತು ದಿನದ ಮೇಲೆ ಸಂಪಾದಕರ ಫೋನು ಬಂತು. ನಾನು ಸ್ಟಾಫ್‌ರೂಮಿನಲ್ಲಿದ್ದೆ. ಅವರ ದನಿ ಬಹಳ ಮೃದು. ಮೃದುವಾಗಿಯೇ ಚರ್ಮ ಸುಲಿದರು.

"ನೋಡಿಮ್ಮಾ, ಕನ್ನಡ ಪತ್ರಿಕೇಲಿ ಕನ್ನಡದ ಸಾಲುಗಳನ್ನೇ ಅನ್ಯಭಾಷೆ ಅಂತ ತೋರಿಸಿದೀರಲ್ಲ, ಇದು ಉದ್ದೇಶಪೂರ್ವಕವೋ?"

"ಇಲ್ರಿ ಸರ್, ಟೈಪ್ ಮಾಡೋರ ಕಡೆಯಿಂದ ತಪ್ಪಾಗೇತಿ."

"ಟೈಪ್ ಮಾಡೋರು ಅಂದರೆ ಹೇಗೆ? ಲೇಖನದ ಜವಾಬ್ದಾರಿ ನಿಮ್ಮದಲ್ವೇ? ಅದೂ ಗಡಿಭಾಗದಿಂದ ಬರೀತಿದೀರಿ. ನಿಮ್ಮ ಅಡ್ಡಹೆಸರು ನೋಡಿದೆ, ಕಾಂಬಳೆ ಅಂತ. ಮನೆಮಾತು ಮರಾಠಿಯೇ?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಎರಡೂ, ಎನ್ನಬಹುದಿತ್ತು. ನಿಮಗೇನಾಗಬೇಕು, ಎನ್ನಬಹುದಿತ್ತು. ಸುಂದ್ರಾಬಾಯಿಯಾಗಿದ್ದರೆ ಅವರ ತಾಯಿಯನ್ನೇ ವಿಚಾರಿಸುತ್ತಿದ್ದಳು. ನಾನು "ಕನ್ನಡಾನ ರೀ ಸರ್" ಎಂದೆ. ಹಾಗೆ ಅನ್ನುವಾಗ ನನ್ನ ಅವ್ವನ ಮುಖ ಕಣ್ಣ ಮುಂದೆ ಬಂತು. ಆದರೂ ಅಂದೆ.

ಅವರು ತೀರ್ಪು ಕೊಟ್ಟರು. ಲೇಖನ ಚೆನ್ನಾಗಿದೆ, ತೆಗೆದುಕೊಳ್ಳಬಹುದು. ಆದರೆ ಮರಾಠಿ ಸಾಲುಗಳು ಬೇಡ. ಹೇಗೂ ಓದುಗರಿಗೆ ಅರ್ಥವಾಗುವುದಿಲ್ಲ, ಪುಟಗಳೂ ಹದಿಮೂರಾಗಿವೆ. ಅವಸರದ ತಿದ್ದುಪಡಿಯಲ್ಲಿ ಒಂದು ಪುಟ ಹೆಚ್ಚಿದ್ದನ್ನೂ ನಾನು ನೋಡಿರಲಿಲ್ಲ. ಮರಾಠಿ ತೆಗೆದು ಅದರ ಕನ್ನಡ ಅನುವಾದವನ್ನಾದರೂ ಇಡಲೇ ಎಂದು ಕೇಳಿದೆ. "ಅನುವಾದ ಮೂಲಪಠ್ಯ ಆಗಲ್ಲಮ್ಮಾ. ನೀವೇ ಕಟ್ಟಿದ್ದು ಅಂತಾರೆ ನಾಳೆ." ಉತ್ತರಗಳು ಮರಾಠಿಯಲ್ಲಿವೆ ಎಂದು ಒಂದು ಕೊನೆಟಿಪ್ಪಣಿಯಾದರೂ? "ಅದನ್ನ ಹಾಕಿ, ನೋಡೋಣ. ನಾಡಿದ್ದರೊಳಗೆ ಸಿಡಿ ಬಂದರೆ ಒಪ್ಪಿಗೆ ಪತ್ರ ಕಳಿಸ್ತೀನಿ. ನಿಮಗೆ ಅವಸರ ಇದೆ ಅಂತ ಬರೆದಿದ್ದಿರಲ್ವೇ?"

ಬರೆದಿದ್ದೆ. ಕೈ ಜೋಡಿಸಿ ಬೇಡಿದ ಹಾಗೆ ಬರೆದಿದ್ದೆ. ಅಂಥ ಪತ್ರ ಬರೆದವಳ ಹತ್ತಿರ ಯಾರು ಏನು ಬೇಕಾದರೂ ಕೇಳಬಹುದು ಎಂದು ಅವರಿಗೆ ಗೊತ್ತಿತ್ತು.

ಮರುದಿನ ರಜೆ ಹಾಕಿ ದಿಲೀಪ ದಾದಾನ ಅಂಗಡಿಗೆ ಹೋದೆ. ವಿಷಯ ಹೇಳಿದೆ. ಏಳನೆಯ ಪುಟ ಬಿಟ್ಟುಹೋದದ್ದಕ್ಕೆ ಅವನು ಹಣೆ ಬಡಿದುಕೊಂಡ. "ನಂದs ತಪ್ಪರಿ ಮೇಡಂ, ನಂದs ತಪ್ಪು," ಎಂದ. ಮಶೀನ್ ಮೇಲೆ ಹಾಡಿನ ಪುಟ ತೆರೆದ. ಮೊದಲ ಮರಾಠಿ ಸಾಲನ್ನು ಅಳಿಸಬೇಕು. ಅವನ ಕೈ ಕೀಲಿಮಣೆಯ ಮೇಲೆ ನಿಂತಿತು.

"ಸವಾಲ್ ಇಟ್ಟು ಜವಾಬು ತಗದ್ರ ಹೆಂಗ್ರಿ ಮೇಡಂ? ಅಂವಾ ಹುಚ್ಚ ಅದಾನೇನ?"

"ತಗೀರಿ ದಾದಾ. ನನಗ ಬ್ಯಾರೇ ದಾರಿಯಿಲ್ಲ."

"ನಮ್ಮ ಆಯೀ ಇದs ಹಾಡ ಹಾಡ್ತಿದ್ಳ್ರಿ. ವಖಾರಿಯೊಳಗ ಮೂವತ್ತ ವರ್ಷ ತೆಗದಾಳ." ಅವನು ಕುರ್ಚಿಯಿಂದ ಎದ್ದ. "ತಿರಪಾ ಮಾಡಂದ್ರ ಮಾಡಿದೆ, ಸೀದಾ ಮಾಡಂದ್ರ ಮಾಡಿದೆ. ಇದು ನನ್ನ ಕೈಲೆ ಆಗೂದಿಲ್ಲ. ನೀವs ಅಳಸ್ರಿ." ಹೊರಗೆ ಹೋಗಿ ಚಹದ ಗಾಡಿಯ ಹತ್ತಿರ ನಿಂತುಕೊಂಡ.

ನಾನು ಕೂತೆ. ಹದಿನಾಲ್ಕು ಉತ್ತರಗಳಿದ್ದವು. ಒಂದೊಂದನ್ನೂ ಅದರ ಅನುವಾದದ ಸಮೇತ ಹಿಡಿದು ಕಪ್ಪು ಮಾಡಿ ಗುಂಡಿ ಒತ್ತಿದೆ. ಒತ್ತಿದಂತೆಲ್ಲ ಕೆಳಗಿನ ಪ್ರಶ್ನೆ ಮೇಲಕ್ಕೆ ಸರಿದು ಮೇಲಿನ ಪ್ರಶ್ನೆಗೆ ಅಂಟಿಕೊಳ್ಳುತ್ತಿತ್ತು. ಐದು ವರ್ಷ ನಾನು ಸೀನುತ್ತ, ಕೆಮ್ಮುತ್ತ ಬರೆದುಕೊಂಡದ್ದು ಐದು ನಿಮಿಷಕ್ಕೆ ಹೋಯಿತು. ಸಂಪಾದಕರ ಮೇಲೆ ಎಷ್ಟು ಬೇಕಾದರೂ ಸಿಟ್ಟಾಗಬಹುದು, ಆಗಿದ್ದೇನೆ. ಅವರು ನೂರಾರು ಮೈಲಿ ದೂರ ಕೂತಿದ್ದರು. ಗುಂಡಿ ಒತ್ತಿದ ಬೆರಳು ನನ್ನದು. ಲೇಖನ ಹನ್ನೆರಡು ಪುಟಕ್ಕೆ ಸರಿಯಾಗಿ ಕೂತಿತು.

ಒಪ್ಪಿಗೆ ಪತ್ರ ಬಂತು. ಪ್ರಬಂಧ ಸಲ್ಲಿಸಿದೆ. ಪದವಿ ಬಂತು, ಎರಡು ವರ್ಷದ ಮೇಲೆ ಅಥಣಿಯಲ್ಲಿ ಕಾಯಂ ಕೆಲಸವೂ ಸಿಕ್ಕಿತು. ಪತ್ರಿಕೆಯ ಆ ಸಂಚಿಕೆ ಮಳೆಗಾಲದಲ್ಲಿ ಕೈಸೇರಿತು. ಅಂಚು, ಅಂತರ, ಕೀಲಿಪದ ಎಲ್ಲ ಅಚ್ಚುಕಟ್ಟು. ಕೊನೆಟಿಪ್ಪಣಿಗಳಲ್ಲಿ ನಾನು ಬರೆದ ಆ ಒಂದು ಸಾಲು, ಉತ್ತರಗಳು ಮರಾಠಿಯಲ್ಲಿವೆ ಎಂಬುದು, ಇರಲಿಲ್ಲ. ಜಾಗ ಸಾಲದೆ ತೆಗೆದರೋ, ಬೇಕೆಂದೇ ತೆಗೆದರೋ, ಕೇಳಲಿಲ್ಲ. ಕೇಳುವ ಮುಖವನ್ನು ನಾನು ಉಳಿಸಿಕೊಂಡಿರಲಿಲ್ಲ.

ಆಮೇಲೆ ಎರಡು ಸಂಗತಿ ನಡೆದವು. ಬಹಳ ವರ್ಷದ ನಂತರ ನಡೆದದ್ದನ್ನು ಮೊದಲು ಹೇಳುತ್ತೇನೆ, ಅದು ಹೇಳಲು ಸುಲಭ. ಕಾಗವಾಡದಲ್ಲಿ ಒಂದು ವಿಚಾರಸಂಕಿರಣ. ಒಂದು ಗೋಷ್ಠಿಗೆ ನಾನು ಅಧ್ಯಕ್ಷೆ. ದೂರದ ಊರಿನಿಂದ ಬಂದ ಒಬ್ಬ ಸಂಶೋಧಕ ಪ್ರಬಂಧ ಓದಿದ. ವಖಾರಿಯ ಹೆಣ್ಣುಮಕ್ಕಳ ಹಾಡುಗಳಲ್ಲಿ ಪ್ರಶ್ನೆಗಳಷ್ಟೇ ಇವೆ, ಉತ್ತರಗಳಿಲ್ಲ, ದುಡಿಯುವ ಹೆಣ್ಣು ತನ್ನ ಬದುಕಿನ ಮುಂದೆ ಮೂಕಳಾಗಿದ್ದಾಳೆ ಎಂಬುದಕ್ಕೆ ಇದು ಸಾಕ್ಷಿ ಎಂದ. ಆಧಾರ, ನನ್ನ ಲೇಖನ. ಸಭೆ ಚಪ್ಪಾಳೆ ತಟ್ಟಿತು. ಮೂಕಳಂತೆ! ಮುಕಾದಮನ ಮುಖಕ್ಕೆ ಹೊಡೆದಂತೆ ಹೇಳುತ್ತಿದ್ದ ಸುಂದ್ರಾಬಾಯಿ ಮೂಕಳಂತೆ! ನನ್ನ ಮೈಯೆಲ್ಲ ಉರಿಯಿತು. ಅಧ್ಯಕ್ಷೆಯ ಮಾತಿನಲ್ಲಿ ಆ ಬಡಪಾಯಿಯನ್ನು ಹತ್ತು ನಿಮಿಷ ತರಾಟೆಗೆ ತೆಗೆದುಕೊಂಡೆ. ಯಾವುದಕ್ಕೆ? ಅವನ ಟಿಪ್ಪಣಿಗಳ ಕ್ರಮ ಸರಿಯಿಲ್ಲ, ಪುಟಸಂಖ್ಯೆ ಕೊಟ್ಟಿಲ್ಲ, ಉದ್ಧರಣೆಯನ್ನು ಒಳಕ್ಕೆ ಸರಿಸಿಲ್ಲ ಎಂದು. ಅವನು ತಲೆ ತಗ್ಗಿಸಿ ಬರೆದುಕೊಂಡ. ಚಹದ ಹೊತ್ತಿನಲ್ಲಿ ಬಂದು "ಬಹಳ ಉಪಕಾರವಾಯಿತು ಮೇಡಂ" ಎಂದ. ಆಗಲೂ ನಾನು ನಿಜ ಹೇಳಲಿಲ್ಲ.

ಇನ್ನೊಂದು ಅದಕ್ಕಿಂತ ಹಿಂದಿನದು, ಸಂಚಿಕೆ ಕೈಗೆ ಬಂದ ವಾರದ್ದು. "ನನ್ನ ಹಾಡು ಪುಸ್ತಕದಾಗ ಬಂದೈತಂತ, ತರೂದಿಲ್ಲೇನ ಬಾಯಿ?" ಎಂದು ಸುಂದ್ರಾಬಾಯಿ ದಿಲೀಪ ದಾದಾನ ಹತ್ತಿರ ಎರಡು ಸಲ ಹೇಳಿ ಕಳಿಸಿದ್ದಳು. ಅವಳಿಗೆ ಶಾಲೆಯ ಶಿಕ್ಷಕಿಯೂ ಬಾಯಿಯೇ, ನಾನೂ ಬಾಯಿಯೇ. ಹೋಗದೆ ಇರಲಾಗಲಿಲ್ಲ. ಊಟದ ಬಿಡುವಿನಲ್ಲಿ ಹೋದೆ. ಹೆಂಗಸರು ರೊಟ್ಟಿ ಗಂಟು ಕಟ್ಟಿಟ್ಟು ತಮ್ಮ ತಮ್ಮ ಸಾಲಿಗೆ ಬಂದು ಕೂತಿದ್ದರು.

"ಓದ್ರಿ ಅಕ್ಕಾರ, ಕೇಳೂಣು," ಎಂದಳು ಗಂಗವ್ವ.

ಬೇಗ ಓದಿ ಮುಗಿಸಿಬಿಡಬೇಕೆಂದು ನಿಂತೆ. ಪ್ರಶ್ನೆಗಳನ್ನಷ್ಟೇ ಒಂದೇ ಉಸಿರಿಗೆ ಓದಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಮೊದಲ ಸಾಲು ಓದಿದೆ: ಸಾಣಿಗಿ ಹಿಡದ ಕೈ ಸೋತಾವೇನ ತಂಗಿ. ಮುಂದಿನ ಸಾಲಿಗೆ ಬಾಯಿ ತೆರೆಯುವ ಮೊದಲೇ ಎದುರಿನ ಸಾಲು ಒಟ್ಟಿಗೆ ದನಿ ಎತ್ತಿತು: ಹಾತ ದಮಲೇ ತರೀ ಬಾಯೀ. ಮುಗಿಸಿ, ನನ್ನ ಮುಖ ನೋಡುತ್ತ ಕಾದರು. ಎರಡನೆಯದು ಓದಿದೆ. ಉತ್ತರ ಬಂತು. ಮೂರನೆಯದು ಓದಿದೆ. ಉತ್ತರ ಬಂತು. ನಾನು ಅವರಿಗೆಂದೇ ನಿಲ್ಲಿಸುತ್ತಿದ್ದೇನೆ ಎಂದುಕೊಂಡರು. ಹದಿನಾಲ್ಕಕ್ಕೆ ಹದಿನಾಲ್ಕೂ ಕೊಟ್ಟರು, ಒಂದನ್ನೂ ಬಿಡಲಿಲ್ಲ. ನನ್ನ ಕೈಯಲ್ಲಿದ್ದ ಪುಟದಲ್ಲಿ ಪ್ರಶ್ನೆಗಳು ಒಂದರ ಕೆಳಗೊಂದು ನಿಂತಿದ್ದವು.

ಮುಗಿದಾಗ ಸುಂದ್ರಾಬಾಯಿ ಕೈ ಚಾಚಿ ಪತ್ರಿಕೆ ಇಸಿಕೊಂಡಳು. ಓದಲು ಬಾರದು. ಆ ಪುಟವನ್ನೇ ತೆರೆದು ಸ್ವಲ್ಪ ಹೊತ್ತು ನೋಡಿ, ಪಕ್ಕದವಳಿಗೆ ಕೊಟ್ಟಳು. ಅವಳು ಮುಂದಿನವಳಿಗೆ. ಮರಾಠಿಯ ಸಾಲಿನ ಹೆಂಗಸರೆಲ್ಲ ತಂಬಾಕಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಒಬ್ಬೊಬ್ಬರೂ ನೋಡಿಯೇ ದಾಟಿಸಿದರು. ಕೊನೆಯವಳಿಂದ ಪತ್ರಿಕೆ ನನ್ನ ಕೈಗೆ ವಾಪಸು ಬಂತು.

"ಬೇಷ ಆತು," ಎಂದಳು ಸುಂದ್ರಾಬಾಯಿ. "ನಮ್ಮ ಮಂದೀದೂ ಐತೆಲ್ಲ ಬಾಯಿ, ಇದರಾಗ?"

"ಐತ್ರಿ," ಅಂದೆ.